ಹದಿನೈದು ನಿಮಿಷ, ಐದು ಸೆಕೆಂಡ್

60.50, 129.19, 132.72, 59.19, 128.59, 269.89, 125.24.

ಈ ಏಳು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕೂಡಿದರೆ 905.32 ಸೆಕೆಂಡ್ ಆಗುತ್ತದೆ. ಹದಿನೈದು ನಿಮಿಷ ಐದು ಸೆಕೆಂಡ್, ಮೇಲೊಂದು ಚೂರು. ಜಿಂಬಾಬ್ವೆಯ ಈಜುಗಾರ್ತಿ ಕಿರ್ಸ್ಟಿ ಕೊವೆಂಟ್ರಿ ಅಥೆನ್ಸ್ ಮತ್ತು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಏಳು ಫೈನಲ್‌ಗಳಲ್ಲಿ ನೀರಿನಲ್ಲಿ ಕಳೆದ ಒಟ್ಟು ಸಮಯ ಇದು. ಈಜಿದ ದೂರ 1,400 ಮೀಟರ್. 50 ಮೀಟರ್ ಕೊಳದ ಈ ತುದಿಯಿಂದ ಆ ತುದಿಗೆ ಇಪ್ಪತ್ತೆಂಟು ಸಲ.

ಜಿಂಬಾಬ್ವೆ 1980ರಲ್ಲಿ ಸ್ವತಂತ್ರವಾಯಿತು. ಅಂದಿನಿಂದ 2024ರ ಪ್ಯಾರಿಸ್ ಕೂಟದವರೆಗೆ ಆ ದೇಶ ಗೆದ್ದ ಒಲಿಂಪಿಕ್ ಪದಕಗಳು ಎಂಟು. ಅವುಗಳಲ್ಲಿ ಏಳು ಈ ಕಾಲು ಗಂಟೆಯಲ್ಲೇ ಬಂದವು. ಶೇಕಡಾ 87.5. ಒಂದು ದೇಶದ ಕ್ರೀಡಾ ಚರಿತ್ರೆಯಲ್ಲಿ ಒಬ್ಬರ ಪಾಲು ಇಷ್ಟಿರುವುದನ್ನು ನಾನು ಬೇರೆಲ್ಲೂ ಸುಲಭಕ್ಕೆ ಕಂಡಿಲ್ಲ. ಅದೂ ನಾಲ್ಕೂ ಕಡೆ ನೆಲವೇ ಇರುವ, ಸಮುದ್ರದ ಒಂದಡಿ ದಂಡೆಯೂ ಇಲ್ಲದ ದೇಶಕ್ಕೆ, ನೀರಿನಿಂದ.

ದೇಶದ ಅಳತೆ ನಮಗೆ ಅಂದಾಜಾಗಲಿ ಎಂದು ಹೇಳುವುದಾದರೆ, ಜಿಂಬಾಬ್ವೆಯ ವಿಸ್ತೀರ್ಣ ಸುಮಾರು 3.9 ಲಕ್ಷ ಚದರ ಕಿಲೋಮೀಟರ್. ಎರಡು ಕರ್ನಾಟಕಗಳನ್ನು ಅದರೊಳಗೆ ಇಟ್ಟರೂ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಆದರೆ 2022ರ ಗಣತಿಯ ಪ್ರಕಾರ ಅಲ್ಲಿನ ಜನ ಸುಮಾರು 1.52 ಕೋಟಿ. 2011ರಲ್ಲೇ ನಮ್ಮ ರಾಜ್ಯದ ಜನಸಂಖ್ಯೆ 6.11 ಕೋಟಿ ಇತ್ತು. ಅಲ್ಲಿಯದು ಅದರ ಕಾಲು ಭಾಗ.

ಎಂಟನೆಯ ಪದಕದ ಕತೆ ಬೇರೆ. ಅದು ಕೊವೆಂಟ್ರಿ ಹುಟ್ಟುವ ಮೊದಲೇ ಬಂದದ್ದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ರೊಡೇಷ್ಯಾ (ಆಗ ದೇಶದ ಹೆಸರು ಅದೇ, ಆಳುತ್ತಿದ್ದವರು ಅಲ್ಪಸಂಖ್ಯಾತ ಬಿಳಿಯರು) ತನ್ನ ತಂಡವನ್ನು ಕಳಿಸಿತ್ತು. ಆ ತಂಡ ಆಡುವುದಾದರೆ ನಾವು ಆಡುವುದಿಲ್ಲ ಎಂದು ಆಫ್ರಿಕಾದ ದೇಶಗಳು ಪಟ್ಟು ಹಿಡಿದವು. ಉದ್ಘಾಟನೆಗೆ ಕೆಲವೇ ದಿನ ಇರುವಾಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಂದರೆ ಐಒಸಿ, ಮತಕ್ಕೆ ಹಾಕಿತು. ಹೊರಹಾಕಿ ಎಂದವರು 36, ಬೇಡ ಎಂದವರು 31, ಸುಮ್ಮನಿದ್ದವರು 3. ಮ್ಯೂನಿಕ್ ತಲುಪಿದ್ದ ಆಟಗಾರರು ಆಡದೆಯೇ ಊರಿಗೆ ಮರಳಿದರು. ಎಂಟು ವರ್ಷಗಳ ಬಳಿಕ, 1980ರ ಏಪ್ರಿಲ್ 18ರಂದು ಜಿಂಬಾಬ್ವೆ ಸ್ವತಂತ್ರವಾಯಿತು. ಮೂರು ತಿಂಗಳು ಕಳೆದು ಮಾಸ್ಕೋದಲ್ಲಿ, ಅವಸರದಲ್ಲಿ ಕಟ್ಟಿದ ಮಹಿಳಾ ಹಾಕಿ ತಂಡವೊಂದು ಚಿನ್ನ ಗೆದ್ದುಬಿಟ್ಟಿತು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿ ಇದ್ದದ್ದು ಅದೇ ಮೊದಲು. ನಮ್ಮ ಭಾರತದ ವನಿತೆಯರು ಅಲ್ಲಿ ನಾಲ್ಕನೆಯವರಾದರು.

ಅಲ್ಲಿಂದ ಮುಂದೆ ಇಪ್ಪತ್ನಾಲ್ಕು ವರ್ಷ ಜಿಂಬಾಬ್ವೆಗೆ ಏನೂ ಇಲ್ಲ.

ಕೊವೆಂಟ್ರಿ ಹರಾರೆಯಲ್ಲಿ 1983ರ ಸೆಪ್ಟೆಂಬರ್ 16ರಂದು ಹುಟ್ಟಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜು ಸ್ಪರ್ಧೆಗಳು ಶುರುವಾದದ್ದೂ ಸೆಪ್ಟೆಂಬರ್ 16ರಂದೇ. ಹದಿನೇಳು ತುಂಬಿದ ದಿನ, ಇನ್ನೂ ಹೈಸ್ಕೂಲು. ಆ ಕೂಟದಲ್ಲಿ ಅವರು ಸೆಮಿಫೈನಲ್ ತಲುಪಿದರು. ಜಿಂಬಾಬ್ವೆಯ ಈಜುಗಾರರಲ್ಲಿ ಅದುವರೆಗೆ ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ. ನಮ್ಮ ಬೆಂಗಳೂರಿನ ನಿಶಾ ಮಿಲೆಟ್ 200 ಮೀಟರ್ ಫ್ರೀಸ್ಟೈಲ್ ಈಜಿದ್ದು ಅದೇ ಸಿಡ್ನಿಯ ಕೊಳದಲ್ಲಿ. ಸಿಡ್ನಿಯ ನಂತರ ಕೊವೆಂಟ್ರಿ ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ವಿಶ್ವವಿದ್ಯಾಲಯ ಸೇರಿದರು. ಆಬರ್ನ್ ಆಗ ಅಮೆರಿಕದ ಕಾಲೇಜು ಈಜಿನ ದೈತ್ಯ. ಪ್ರತಿಭೆ ಹರಾರೆಯದು, ಸಾಣೆ ಹಿಡಿದದ್ದು ಆಬರ್ನ್. ಇದನ್ನು ಮುಚ್ಚಿಟ್ಟು ಬರೆದರೆ ಲೆಕ್ಕ ಅರ್ಧವಾಗುತ್ತದೆ.

2004ರ ಅಥೆನ್ಸ್. 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿ, 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಕಂಚು, 200 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಚಿನ್ನ. ಒಂದೇ ಕೂಟದಲ್ಲಿ ಮೂರೂ ಬಣ್ಣ. ಹರಾರೆ ವಿಮಾನ ನಿಲ್ದಾಣದಲ್ಲಿ ಡೋಲು, ಕುಣಿತ, ಜನಸಾಗರ. ಆ ಹೊತ್ತಿನ ಜಿಂಬಾಬ್ವೆಯನ್ನು ನೆನೆದರೆ ಈ ಸ್ವಾಗತದ ತೂಕ ತಿಳಿಯುತ್ತದೆ. 2000ದಿಂದ ಬಿಳಿಯ ರೈತರ ಜಮೀನುಗಳನ್ನು ವಶಪಡಿಸಿಕೊಳ್ಳುವ ಕೆಲಸ ಬಿರುಸಾಗಿ ನಡೆದಿತ್ತು. ಬಿಳಿಯರು ದೇಶ ಬಿಟ್ಟು ಹೊರಡುತ್ತಲೇ ಇದ್ದರು. 2012ರ ಗಣತಿಯ ವೇಳೆಗೆ ಒಂದು ಕೋಟಿ ಮೂವತ್ತು ಲಕ್ಷ ಜನರಲ್ಲಿ ಉಳಿದವರು ಮೂವತ್ತು ಸಾವಿರದಷ್ಟೂ ಇರಲಿಲ್ಲ. ಅಂಥ ದೇಶದಲ್ಲಿ ಬಿಳಿಯ ಹುಡುಗಿಯೊಬ್ಬಳನ್ನು ಬೀದಿ ಬೀದಿಯಲ್ಲಿ ಜನ ಹೊತ್ತು ಮೆರೆಸಿದರು. ಹುಟ್ಟಿದ ಕೂಸುಗಳಿಗೆ ಅವಳ ಹೆಸರನ್ನೂ, ಪದಕದ, ಈಜಿನ ಹೆಸರುಗಳನ್ನೂ ಇಡುತ್ತಿದ್ದಾರೆ ಎಂದು ಪತ್ರಿಕೆಗಳು ಬರೆದವು.

ಈಗ ಬೀಜಿಂಗ್. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಬ್ಯಾಕ್‌ಸ್ಟ್ರೋಕ್ ಒಂದು ವಿಚಿತ್ರ ಓಟ. ಈಜುವವರ ಮುಖ ಆಕಾಶದ ಕಡೆ. ಮುಟ್ಟಬೇಕಾದ ಗೋಡೆ ಅವರಿಗೆ ಕಾಣುವುದೇ ಇಲ್ಲ. ಗೋಡೆಗೆ 5 ಮೀಟರ್ ಮುಂಚೆ ಕೊಳದ ಅಡ್ಡಕ್ಕೆ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅದು ಕಣ್ಣ ಮೇಲೆ ಹಾದುಹೋದ ಕ್ಷಣದಿಂದ ತೋಳು ಬೀಸುವುದನ್ನು ಎಣಿಸುತ್ತಾ, ಇಷ್ಟನೆಯದಕ್ಕೆ ತಿರುಗಬೇಕು ಇಲ್ಲವೇ ಕೈ ಚಾಚಬೇಕು ಎಂಬ ಲೆಕ್ಕವನ್ನು ಮೈಗೆ ಕಲಿಸಿರುತ್ತಾರೆ. ಲೆಕ್ಕ ಅರ್ಧ ಬೀಸು ತಪ್ಪಿದರೂ ಪದಕದ ಬಣ್ಣ ಬದಲಾಗುತ್ತದೆ.

ಆಗಸ್ಟ್ 2008ರಲ್ಲಿ ಕೊವೆಂಟ್ರಿ ಗೆದ್ದದ್ದು ಒಂದು ಚಿನ್ನ, ಮೂರು ಬೆಳ್ಳಿ. 400 ಮೀಟರ್ ಮೆಡ್ಲೆಯಲ್ಲಿ ಆಸ್ಟ್ರೇಲಿಯಾದ ಸ್ಟೆಫನಿ ರೈಸ್ 4 ನಿಮಿಷ 29.45 ಸೆಕೆಂಡ್, ಕೊವೆಂಟ್ರಿ 4 ನಿಮಿಷ 29.89. ಆ ದಿನದವರೆಗೆ ಜಗತ್ತಿನ ಯಾವ ಹೆಣ್ಣೂ ಈ ಓಟವನ್ನು ನಾಲ್ಕೂವರೆ ನಿಮಿಷದೊಳಗೆ ಮುಗಿಸಿರಲಿಲ್ಲ; ಒಂದೇ ಫೈನಲ್‌ನಲ್ಲಿ ಇಬ್ಬರು ಮುಗಿಸಿದರು, ಅವರಲ್ಲಿ ಒಬ್ಬರಿಗೆ ಬೆಳ್ಳಿ. ಇದಕ್ಕಿಂತ ಬೆರಗಿನ ಸಂಗತಿ ಬೇಕೆ? 1972ರಲ್ಲಿ, ರೊಡೇಷ್ಯಾವನ್ನು ಹೊರಹಾಕಿದ ಅದೇ ಮ್ಯೂನಿಕ್‌ನಲ್ಲಿ, ಇದೇ ಓಟದ ಪುರುಷರ ಚಿನ್ನ ಗೆದ್ದ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ತೆಗೆದುಕೊಂಡ ಸಮಯ 4 ನಿಮಿಷ 31.98 ಸೆಕೆಂಡ್. ಮೂವತ್ತಾರು ವರ್ಷಗಳ ನಂತರ ಬೆಳ್ಳಿ ಗೆದ್ದ ಹೆಣ್ಣು ಅವರಿಗಿಂತ ಎರಡು ಸೆಕೆಂಡ್ ಮುಂದಿದ್ದರು.

ಲಾರ್ಸನ್ ಅವರ ಗೆಲುವಿಗೇ ಇನ್ನೊಂದು ಬಾಲವಿದೆ. ಅಮೆರಿಕದ ಟಿಮ್ ಮೆಕೀ ಅವರನ್ನು ಅವರು ಸೋಲಿಸಿದ್ದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಿಂದ: 4:31.981 ಎದುರು 4:31.983. ಅಷ್ಟು ಹೊತ್ತಿನಲ್ಲಿ ಈಜುಗಾರ ಸರಿಯುವ ದೂರ ಮೂರು ಮಿಲಿಮೀಟರ್. ಆದರೆ ಕೊಳ ಕಟ್ಟುವಾಗ ಪಥಗಳ ಉದ್ದದಲ್ಲಿ ಸೆಂಟಿಮೀಟರ್‌ಗಳ ವ್ಯತ್ಯಾಸವನ್ನೇ ನಿಯಮ ಒಪ್ಪುತ್ತದೆ. ಒಬ್ಬನ ಪಥ ಇನ್ನೊಬ್ಬನದಕ್ಕಿಂತ ಎರಡು ಸೆಂಟಿಮೀಟರ್ ಉದ್ದ ಇರಬಹುದಾದ ಜಾಗದಲ್ಲಿ ಮೂರು ಮಿಲಿಮೀಟರಿಗೆ ಚಿನ್ನ ಕೊಡುವುದು ನ್ಯಾಯವಲ್ಲ ಎಂದು, ಮ್ಯೂನಿಕ್ ಬಳಿಕ ಈಜಿನ ಗಡಿಯಾರವನ್ನು ಸೆಕೆಂಡಿನ ನೂರನೇ ಭಾಗಕ್ಕೆ ನಿಲ್ಲಿಸಿದರು. ಅದಕ್ಕಿಂತ ಹತ್ತಿರವಾದರೆ ಇಬ್ಬರಿಗೂ ಪದಕ. ಯಂತ್ರಕ್ಕೆ ಅಳೆಯಲು ಬರುತ್ತದೆ, ಆದರೂ ಅಳೆಯುವುದು ಬೇಡ ಎಂದು ತೀರ್ಮಾನಿಸಿದ ಆಟ ಇದು.

ಮತ್ತೆ ಕೊವೆಂಟ್ರಿಯ ಬೆಳ್ಳಿಗಳಿಗೆ ಬರೋಣ. ಬೀಜಿಂಗ್‌ನ 200 ಮೀಟರ್ ಮೆಡ್ಲೆಯಲ್ಲಿ ಮತ್ತೆ ರೈಸ್ ಮುಂದೆ, ಅಂತರ 0.14 ಸೆಕೆಂಡ್. 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಸೆಮಿಫೈನಲ್‌ನಲ್ಲಿ ಕೊವೆಂಟ್ರಿ 58.77 ಸೆಕೆಂಡ್‌ನಲ್ಲಿ ಗೋಡೆ ಮುಟ್ಟಿ ವಿಶ್ವದಾಖಲೆ ಬರೆದರು. ಮರುದಿನದ ಫೈನಲ್‌ನಲ್ಲಿ ಅಮೆರಿಕದ ನಟಾಲಿ ಕಾಫ್ಲಿನ್ ಚಿನ್ನ ಗೆದ್ದದ್ದು 58.96ರಲ್ಲಿ. ಅಂದರೆ ಹಿಂದಿನ ದಿನದ ತನ್ನದೇ ಈಜನ್ನು ಇನ್ನೊಮ್ಮೆ ಈಜಿದ್ದರೆ ಚಿನ್ನ ಕೊವೆಂಟ್ರಿಯದು. ಅವರು ತೆಗೆದುಕೊಂಡದ್ದು 59.19. ನಾಲ್ಕು ವರ್ಷ ಹಿಂದೆ ಅಥೆನ್ಸ್‌ನಲ್ಲೂ ಇದೇ ಓಟ, ಇದೇ ಕಾಫ್ಲಿನ್, ಅಂತರ 0.13.

ನಾಲ್ಕು ಬೆಳ್ಳಿಗಳ ಅಂತರವನ್ನೂ ಕೂಡಿ: 0.13, 0.23, 0.14, 0.44. ಮೊತ್ತ 0.94 ಸೆಕೆಂಡ್. ನಾಲ್ಕು ಚಿನ್ನ ತಪ್ಪಿದ್ದು ಒಟ್ಟಾರೆ ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ. ಆಯಾ ಓಟದ ಸರಾಸರಿ ವೇಗದಿಂದ ಗುಣಿಸಿ ದೂರಕ್ಕೆ ತಂದರೆ ಒಂದು ಕಡೆ ಗೇಣು, ಇನ್ನೊಂದು ಕಡೆ ಮತ್ತೊಂದು ಗೇಣು, ಒಂದೆಡೆ ಮೊಳಕ್ಕೆ ಸ್ವಲ್ಪ ಕಮ್ಮಿ, ಕೊನೆಯದು ಮೂರು ಗೇಣು. 800 ಮೀಟರ್ ಈಜಿನಲ್ಲಿ ಎಲ್ಲ ಸೇರಿ ಸುಮಾರು 147 ಸೆಂಟಿಮೀಟರ್. ಎರಡೂ ತೋಳು ಚಾಚಿ ಅಳೆಯುವ ಒಂದು ಮಾರಿನಷ್ಟೂ ಇಲ್ಲ.

ಇನ್ನು ಚಿನ್ನ. ಬೀಜಿಂಗ್‌ನ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್‌ನಲ್ಲಿ ಕೊವೆಂಟ್ರಿ ಎದುರು ಇದ್ದವರು ಆಗಿನ ವಿಶ್ವದಾಖಲೆಯ ಒಡತಿ ಮಾರ್ಗರೆಟ್ ಹೋಲ್ಜರ್, ಆಬರ್ನ್‌ನಲ್ಲಿ ಜೊತೆಗೆ ಈಜಿದ ಗೆಳತಿ. ಕೊವೆಂಟ್ರಿ 2 ನಿಮಿಷ 5.24, ವಿಶ್ವದಾಖಲೆ. ಹೋಲ್ಜರ್ 2 ನಿಮಿಷ 6.23. ಅಂತರ 0.99. ಈ ಕಳೆಯುವ ಲೆಕ್ಕವನ್ನು ನಾನು ಎರಡು ಸಲ ಮಾಡಿ ನೋಡಿದೆ. ನಾಲ್ಕು ಬೆಳ್ಳಿಗಳಲ್ಲಿ ಒಟ್ಟು ಸೋತ ಸಮಯ 0.94, ಒಂದೇ ಚಿನ್ನದಲ್ಲಿ ಗೆದ್ದ ಸಮಯ 0.99. ಆ ಒಂದು ಓಟದಲ್ಲಿ ಉಳಿಸಿದ್ದನ್ನು ಉಳಿದ ನಾಲ್ಕಕ್ಕೆ ಹಂಚಲು ಬರುವಂತಿದ್ದರೆ ನಾಲ್ಕೂ ಚಿನ್ನವಾಗಿ, ಐದನೆಯದೂ ಚಿನ್ನವಾಗಿಯೇ ಉಳಿಯುತ್ತಿತ್ತು.

ಆ 200 ಮೀಟರಿನ ದಾಖಲೆಯ ಚರಿತ್ರೆಯೂ ಸ್ವಾರಸ್ಯದ್ದೇ. ಹಂಗೇರಿಯ ಕ್ರಿಸ್ಟಿನಾ ಎಗರ್ಸೆಗಿ 1991ರ ಆಗಸ್ಟ್‌ನಲ್ಲಿ ಬರೆದ 2:06.62 ಹದಿನಾರೂವರೆ ವರ್ಷ ಅಲುಗಾಡಲಿಲ್ಲ. 2008ರ ಫೆಬ್ರುವರಿಯಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಕೊವೆಂಟ್ರಿ ಅದನ್ನು 2:06.39ಕ್ಕೆ ಇಳಿಸಿದರು. ಅಂದರೆ ಹದಿನಾರೂವರೆ ವರ್ಷಕ್ಕೆ 0.23 ಸೆಕೆಂಡ್. ಜುಲೈನಲ್ಲಿ ಹೋಲ್ಜರ್ ಅದನ್ನು ಕಿತ್ತುಕೊಂಡರು, ಆಗಸ್ಟ್‌ನಲ್ಲಿ ಕೊವೆಂಟ್ರಿ ಮರಳಿ ಪಡೆದರು, 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2:04.81ಕ್ಕೆ ತಂದರು. ಹದಿನೆಂಟು ತಿಂಗಳಲ್ಲಿ ಒಂದೂವರೆ ಸೆಕೆಂಡಿಗೂ ಹೆಚ್ಚು. ಇದರಲ್ಲಿ ಉಡುಪಿನ ಪಾಲೂ ಇದೆ, ಅದನ್ನು ಹೇಳದಿದ್ದರೆ ತಪ್ಪು. 2008–09 ಆ ಹೊಳೆಯುವ ಪಾಲಿಯುರೆಥೇನ್ ದಿರಿಸುಗಳ ಕಾಲ. ರೋಮ್ ಒಂದರಲ್ಲೇ 43 ವಿಶ್ವದಾಖಲೆಗಳು ಮುರಿದವು. 2010ರ ಜನವರಿಯಿಂದ ಅವುಗಳನ್ನು ನಿಷೇಧಿಸಬೇಕಾಯಿತು. ಆದರೆ ದಿರಿಸು ಪಕ್ಕದ ಪಥದವರಿಗೂ ಇತ್ತಲ್ಲ.

ಇದೇ 2008ರ ಆಗಸ್ಟ್‌ನಲ್ಲಿ ಕೊವೆಂಟ್ರಿಯ ಊರಿನಲ್ಲಿ ಬೇರೊಂದು ಬಗೆಯ ದಾಖಲೆ ಮುರಿಯುತ್ತಿತ್ತು. ಬೀಜಿಂಗ್ ಕೂಟ ಶುರುವಾದದ್ದು ಆಗಸ್ಟ್ 8ರಂದು. ಅದಕ್ಕೆ ಒಂದು ವಾರ ಮೊದಲು, ಆಗಸ್ಟ್ 1ರಂದು, ಜಿಂಬಾಬ್ವೆಯ ರಿಸರ್ವ್ ಬ್ಯಾಂಕ್ ತನ್ನ ನೋಟುಗಳಿಂದ ಹತ್ತು ಸೊನ್ನೆಗಳನ್ನು ಅಳಿಸಿಹಾಕಿತು. ಹಳೆಯ ಒಂದು ಸಾವಿರ ಕೋಟಿ ಡಾಲರ್ ಕೊಟ್ಟರೆ ಹೊಸ ಒಂದು ಡಾಲರ್. ಜುಲೈ ತಿಂಗಳ ವಾರ್ಷಿಕ ಹಣದುಬ್ಬರ ಸರ್ಕಾರದ್ದೇ ಲೆಕ್ಕದಲ್ಲಿ ಶೇ 23 ಕೋಟಿ. ಶೇಕಡಾ ಇಪ್ಪತ್ಮೂರು ಅಲ್ಲ. ಶೇಕಡಾ ಇಪ್ಪತ್ಮೂರು ಕೋಟಿ. ಅಳಿಸಿದ ಸೊನ್ನೆಗಳು ಐದಾರು ತಿಂಗಳಲ್ಲಿ ಹಿಂದಿಗಿಂತ ಹೆಚ್ಚಾಗಿ ಮರಳಿ ಬಂದವು. 2009ರ ಜನವರಿಯಲ್ಲಿ ಅಚ್ಚಾದ ನೋಟಿನ ಮೇಲೆ ಒಂದರ ಮುಂದೆ ಹದಿನಾಲ್ಕು ಸೊನ್ನೆ. ನಮ್ಮ ಎಣಿಕೆಯಲ್ಲಿ ಒಂದು ಕೋಟಿ ಕೋಟಿ. ಬೀಜಿಂಗ್‌ನಿಂದ ಮರಳಿದ ಕೊವೆಂಟ್ರಿಗೆ ಅಧ್ಯಕ್ಷ ರಾಬರ್ಟ್ ಮುಗಾಬೆ ಬಹುಮಾನ ಕೊಟ್ಟರು: ಒಂದು ಲಕ್ಷ ಡಾಲರ್. ಅಮೆರಿಕದ ಡಾಲರ್. ತನ್ನ ದೇಶದ ನೋಟಿನ ಬೆಲೆ ಏನೆಂದು ಅವರಿಗೂ ಗೊತ್ತಿತ್ತು ಎಂದಾಯಿತು.

ಲಕ್ಷ ಕೋಟಿಗಳು ತರಗೆಲೆಯಾಗಿದ್ದ ಊರಿನವರು ಸೆಕೆಂಡಿನ ನೂರನೇ ಭಾಗಗಳನ್ನು ಕೂಡಿಹಾಕುತ್ತಿದ್ದರು.

ಇಲ್ಲೇ ನಮ್ಮ ದೇಶದ ಲೆಕ್ಕವನ್ನೂ ಹಾಕಿಬಿಡೋಣ, ಸ್ವಲ್ಪ ಮುಜುಗರವಾದರೂ ಸರಿ. ಸ್ವತಂತ್ರ ಭಾರತ 1948ರಿಂದ 2008ರ ಬೀಜಿಂಗ್‌ವರೆಗೆ, ಬೀಜಿಂಗ್ ಸೇರಿ, ಗೆದ್ದ ವೈಯಕ್ತಿಕ ಒಲಿಂಪಿಕ್ ಪದಕಗಳು ಎಷ್ಟು? 1952ರಲ್ಲಿ ಕೆ.ಡಿ. ಜಾಧವ್, 1996ರಲ್ಲಿ ಲಿಯಾಂಡರ್ ಪೇಸ್, 2000ದಲ್ಲಿ ಕರ್ಣಂ ಮಲ್ಲೇಶ್ವರಿ, 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್, 2008ರಲ್ಲಿ ಅಭಿನವ್ ಬಿಂದ್ರಾ, ಸುಶೀಲ್ ಕುಮಾರ್, ವಿಜೇಂದರ್ ಸಿಂಗ್. ಏಳು. ಒಂದು ಚಿನ್ನ, ಒಂದು ಬೆಳ್ಳಿ, ಐದು ಕಂಚು. ಕೊವೆಂಟ್ರಿಯದೂ ಏಳು: ಎರಡು ಚಿನ್ನ, ನಾಲ್ಕು ಬೆಳ್ಳಿ, ಒಂದು ಕಂಚು. ನೂರು ಕೋಟಿ ದಾಟಿದ ಜನ ಅರವತ್ತು ವರ್ಷದಲ್ಲಿ ಒಂದೆಡೆ, ಒಬ್ಬಾಕೆ ನಾಲ್ಕು ವರ್ಷದಲ್ಲಿ ಇನ್ನೊಂದೆಡೆ. ತಕ್ಕಡಿಯಲ್ಲಿ ಬಣ್ಣ ನೋಡಿದರೆ ಆಕೆಯದೇ ಭಾರ. ಈಜಿನಲ್ಲಂತೂ ನಮಗೆ ಇಂದಿಗೂ ಒಲಿಂಪಿಕ್ ಪದಕವಿಲ್ಲ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ಟೋಕಿಯೊಗೆ ನೇರ ಅರ್ಹತೆಯ ಗೆರೆ ದಾಟಿದ್ದೇ ನಮಗೆ ದೊಡ್ಡ ಸುದ್ದಿಯಾಗಿತ್ತು, ಗೆರೆ 53.85, ಅವರು ಈಜಿದ್ದು 53.77.

ಲಂಡನ್ 2012, ರಿಯೊ 2016. ಎರಡರಲ್ಲೂ 200 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಆರನೇ ಸ್ಥಾನ. ಲಂಡನ್‌ನ ಅದೇ ಫೈನಲ್‌ನಲ್ಲಿ ಹದಿನೇಳರ ಮಿಸ್ಸಿ ಫ್ರಾಂಕ್ಲಿನ್ ಕೊವೆಂಟ್ರಿಯ ದಾಖಲೆಯನ್ನು ಅಳಿಸಿದರು. ಐದು ಒಲಿಂಪಿಕ್ಸ್, ಹದಿನಾರು ವರ್ಷ. ಈಜು ಮುಗಿಯಿತು.

ಅಧಿಕಾರದ ಓಟ ಅಷ್ಟರಲ್ಲಿ ಶುರುವಾಗಿತ್ತು. ಇನ್ನೂ ಈಜುತ್ತಿರುವಾಗಲೇ, 2013ರಲ್ಲಿ, ಕ್ರೀಡಾಪಟುಗಳ ಪ್ರತಿನಿಧಿಯಾಗಿ ಕೊವೆಂಟ್ರಿ ಐಒಸಿಯ ಸದಸ್ಯರಾದರು. 2018ರಲ್ಲಿ ಅದರ ಅಥ್ಲೀಟ್‌ಗಳ ಆಯೋಗದ ಅಧ್ಯಕ್ಷರಾದರು. ನಮ್ಮ ಅಭಿನವ್ ಬಿಂದ್ರಾ ಅದೇ ವರ್ಷ ಆ ಆಯೋಗ ಸೇರಿದರು. ಪದಕದ ವೇದಿಕೆಯಲ್ಲಿ ಪ್ರತಿಭಟನೆ ತೋರಬಹುದೇ ಎಂಬ ಪ್ರಶ್ನೆ ಬಂದಾಗ ಈ ಆಯೋಗ 185 ದೇಶಗಳ 3,500ಕ್ಕೂ ಹೆಚ್ಚು ಕ್ರೀಡಾಪಟುಗಳ ಅಭಿಪ್ರಾಯ ಕೇಳಿತು. ಹೆಚ್ಚಿನವರು ಬೇಡ ಎಂದರು, ನಿಷೇಧ ಉಳಿಯಿತು. ಮಾತಾಡಲು ಬಾಯಿ ತೆರೆಯುವವರು ಯಾವಾಗಲೂ ಅಲ್ಪಸಂಖ್ಯಾತರೇ. ಅಂಥ ಹಕ್ಕನ್ನು ಬಹುಮತದಿಂದ ತೀರ್ಮಾನಿಸಿದ್ದು ನನಗೆ ಸರಿಕಾಣುವುದಿಲ್ಲ. ಆದರೂ ಕೇಳಿದರಲ್ಲ ಎನ್ನುವುದೂ ಒಂದು ಮಾತು.

2018ರ ಸೆಪ್ಟೆಂಬರ್ 7ರಂದು, ಮೂವತ್ತೈದು ತುಂಬಲು ಒಂಬತ್ತು ದಿನ ಇರುವಾಗ, ಅಧ್ಯಕ್ಷ ಎಮರ್ಸನ್ ಮ್ನಂಗಾಗ್ವಾ ಕೊವೆಂಟ್ರಿ ಅವರನ್ನು ಯುವಜನ ಮತ್ತು ಕ್ರೀಡಾ ಸಚಿವೆಯನ್ನಾಗಿ ಮಾಡಿದರು. ಇಲ್ಲಿ ಲೆಕ್ಕ ಅಷ್ಟು ಚೆನ್ನಾಗಿ ಕೂಡುವುದಿಲ್ಲ. 2019ರ ಜುಲೈನಲ್ಲಿ ಸರ್ಕಾರದ ಕ್ರೀಡಾ ಆಯೋಗ ಕ್ರಿಕೆಟ್ ಮಂಡಳಿಯಲ್ಲಿ ಕೈಹಾಕಿತೆಂದು ಐಸಿಸಿ ಜಿಂಬಾಬ್ವೆಯನ್ನು ಅಮಾನತು ಮಾಡಿತು. ಮೂರು ತಿಂಗಳ ನಂತರ ಹಿಂತೆಗೆದುಕೊಂಡಿತಾದರೂ ಅಷ್ಟರಲ್ಲಿ ಪುರುಷರ ತಂಡ ಟಿ20 ವಿಶ್ವಕಪ್‌ನ ಅರ್ಹತಾ ಟೂರ್ನಿಯಿಂದ ಹೊರಬಿದ್ದಿತ್ತು. 2021ರ ನವೆಂಬರ್‌ನಲ್ಲಿ ಅದೇ ಆಯೋಗ ಫುಟ್‌ಬಾಲ್ ಸಂಸ್ಥೆಯ ಮಂಡಳಿಯನ್ನು ಅಮಾನತಿನಲ್ಲಿಟ್ಟಿತು, ಭ್ರಷ್ಟಾಚಾರ, ಕಿರುಕುಳದ ಆರೋಪಗಳ ಮೇಲೆ. 2022ರ ಫೆಬ್ರುವರಿಯಲ್ಲಿ ಫಿಫಾ ದೇಶವನ್ನೇ ಹೊರಗಿಟ್ಟಿತು. 2023ರ ಜುಲೈವರೆಗೆ, ಸುಮಾರು ಹದಿನೇಳು ತಿಂಗಳು, ಜಿಂಬಾಬ್ವೆಗೆ ಅಂತರರಾಷ್ಟ್ರೀಯ ಫುಟ್‌ಬಾಲ್ ಇರಲಿಲ್ಲ. ಮರಳಿ ಬಂದಾಗಲೂ ಊರಿನ ಕ್ರೀಡಾಂಗಣಗಳು ಮಾನದಂಡಕ್ಕೆ ತಕ್ಕಂತಿಲ್ಲವೆಂದು ‘ತವರಿನ’ ಪಂದ್ಯಗಳನ್ನು ರುವಾಂಡಾದಲ್ಲಿ ಆಡಬೇಕಾಯಿತು.

ಈ ಹದಿನೇಳು ತಿಂಗಳಲ್ಲಿ ಸಚಿವೆಯ ಪಾಲೆಷ್ಟು, ಕೊಳೆತ ಮಂಡಳಿಯ ಪಾಲೆಷ್ಟು, ಫಿಫಾದ ಹಠದ ಪಾಲೆಷ್ಟು? ಇದನ್ನು ಅಳೆಯಲು ಕೊಳದ ಗೋಡೆಯಲ್ಲಿರುವಂಥ ಟಚ್‌ಪ್ಯಾಡ್ ಇಲ್ಲ. 58.77 ಎಂದರೆ ಅದು ಕೊವೆಂಟ್ರಿಯದು, ಇನ್ಯಾರದೂ ಅಲ್ಲ. ಆಡಳಿತದ ಅಂಕಿಗೆ ಒಡೆಯರೇ ಸಿಗುವುದಿಲ್ಲ. ಕೊಳೆತದ್ದನ್ನು ಕಿತ್ತು ಹಾಕಿದೆವು ಎಂದು ಅವರು ವಾದಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಆರೂವರೆ ವರ್ಷ ಸಚಿವೆಯಾಗಿದ್ದವರು ಬಿಟ್ಟುಹೋಗುವಾಗ ರಾಷ್ಟ್ರೀಯ ತಂಡಕ್ಕೆ ತವರಿನಲ್ಲಿ ಆಡಲು ಜಾಗವಿರಲಿಲ್ಲ ಎಂಬುದನ್ನು ಯಾವ ಪದಕವೂ ಮರೆಮಾಡದು.

2025ರ ಐಒಸಿ ಅಧ್ಯಕ್ಷ ಚುನಾವಣೆಗೆ ಏಳು ಮಂದಿ ಕಣದಲ್ಲಿದ್ದರು. ಮತ್ತೆ ಏಳು, ಬರಿಯ ಕಾಕತಾಳೀಯ. ಜನವರಿಯಲ್ಲಿ ಲೊಸಾನ್‌ನಲ್ಲಿ, ಮುಚ್ಚಿದ ಬಾಗಿಲೊಳಗೆ, ಪ್ರತಿಯೊಬ್ಬರಿಗೂ ಸದಸ್ಯರ ಮುಂದೆ ಮಾತಾಡಲು ಸಿಕ್ಕಿದ್ದು 15 ನಿಮಿಷ. ಪ್ರಶ್ನೆ ಕೇಳುವಂತಿಲ್ಲ. ಕೊವೆಂಟ್ರಿ ಏಳು ಪದಕ ಗೆದ್ದದ್ದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತಿನಲ್ಲಿ. ಮಾರ್ಚ್ 20ರಂದು ಗ್ರೀಸ್‌ನ ಕೋಸ್ಟಾ ನವರೀನೊದಲ್ಲಿ ಮತದಾನ. 97 ಮತಗಳು, ಬಹುಮತಕ್ಕೆ 49. ಇಷ್ಟು ಜನ ಕಣದಲ್ಲಿರುವಾಗ ಎರಡು ಮೂರು ಸುತ್ತಾದರೂ ಆಗುತ್ತದೆ ಎಂದೇ ಎಲ್ಲರ ಎಣಿಕೆ. ಮೊದಲ ಸುತ್ತಿನಲ್ಲೇ ಮುಗಿಯಿತು. ಹುವಾನ್ ಆಂಟೋನಿಯೊ ಸಮರಾಂಚ್ ಜೂನಿಯರ್ 28, ಸೆಬಾಸ್ಟಿಯನ್ ಕೋ 8, ದಾವೀದ್ ಲಪಾರ್ಟಿಯಾಂ 4, ಮೊರಿನಾರಿ ವಟನಬೆ 4, ಜೋರ್ಡಾನ್‌ನ ರಾಜಕುಮಾರ ಫೈಸಲ್ 2, ಯೊಹಾನ್ ಎಲಿಯಾಶ್ 2. ಕೊವೆಂಟ್ರಿ 49. ಒಂದು ಮತ ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಗೇಣು ಅಂತರದಲ್ಲಿ ನಾಲ್ಕು ಚಿನ್ನ ಕಳೆದುಕೊಂಡವರಿಗೆ ಈ ಸಲ ಅಂತರ ಸೊನ್ನೆ, ಆದರೆ ಗೋಡೆ ಮುಟ್ಟಿದ್ದು ಇವರೇ. ಎರಡು ಒಲಿಂಪಿಕ್ ಚಿನ್ನದ ಓಟಗಾರ ಕೋ ಅವರಿಗೆ ಎಂಟೇ ಎಂಟು ಮತ. ನಿರ್ಗಮಿಸುತ್ತಿದ್ದ ಅಧ್ಯಕ್ಷ ಥಾಮಸ್ ಬಾಕ್ ಅವರ ಒಲವು ಕೊವೆಂಟ್ರಿಯ ಕಡೆಗಿತ್ತೆಂಬ ಮಾತು ಬಹಿರಂಗ ಗುಟ್ಟಾಗಿತ್ತು. ಅಂದಹಾಗೆ 2013ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬಾಕ್ ಗೆದ್ದಾಗ, ಎರಡನೇ ಸುತ್ತಿನಲ್ಲಿ, ಅವರಿಗೆ ಬಿದ್ದ ಮತಗಳೂ 49.

ಆ ಕುರ್ಚಿಯ ಚರಿತ್ರೆಯನ್ನು ನೋಡಿದರೆ ಅಂಕಿಗಳು ಇನ್ನೂ ಹರಿತವಾಗುತ್ತವೆ. ಐಒಸಿ ಹುಟ್ಟಿದ್ದು 1894ರಲ್ಲಿ. 131 ವರ್ಷದಲ್ಲಿ ಒಂಬತ್ತು ಅಧ್ಯಕ್ಷರು: ಎಂಟು ಯುರೋಪಿನವರು, ಒಬ್ಬ ಅಮೆರಿಕದವರು, ಒಂಬತ್ತೂ ಗಂಡಸರು. ಮೊದಲ 87 ವರ್ಷ ಸಮಿತಿಯಲ್ಲಿ ಒಬ್ಬ ಮಹಿಳಾ ಸದಸ್ಯೆಯೂ ಇರಲಿಲ್ಲ. 1981ರಲ್ಲಿ ಇಬ್ಬರು ಬಂದರು. ಸಂಸ್ಥಾಪಕ ಪಿಯರ್ ದ ಕೂಬರ್ತಾಂಗೆ ಹೆಂಗಸರು ಸ್ಪರ್ಧಿಸುವುದೇ ಹಿಡಿಸುತ್ತಿರಲಿಲ್ಲ. ಆದರೂ 1912ರ ಸ್ಟಾಕ್‌ಹೋಮ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರು ಒಲಿಂಪಿಕ್ ಕೊಳಕ್ಕೆ ಇಳಿದರು, ಎರಡು ಈಜು ಸ್ಪರ್ಧೆಗಳಲ್ಲಿ. ತಮಾಷೆಯೆಂದರೆ ಅದೇ ಸ್ಟಾಕ್‌ಹೋಮ್‌ನಲ್ಲಿ ಕೂಬರ್ತಾಂ ಕೂಡ ಚಿನ್ನ ಗೆದ್ದರು. ಆಗ ಕಲಾ ಸ್ಪರ್ಧೆಗಳೂ ಇದ್ದವು, ಸುಳ್ಳು ಹೆಸರಿನಲ್ಲಿ ಕವಿತೆ ಕಳಿಸಿ ಬಹುಮಾನ ಹೊಡೆದರು. ಕೊವೆಂಟ್ರಿಗಿಂತ ಮೊದಲು ಕ್ರೀಡೆಯಲ್ಲಿ ಒಲಿಂಪಿಕ್ ಪದಕ ಗೆದ್ದ ಅಧ್ಯಕ್ಷರು ಬಾಕ್ ಒಬ್ಬರೇ, 1976ರ ಕತ್ತಿವರಸೆಯ ತಂಡದ ಚಿನ್ನ. ಹಿಂದಿನ ಒಂಬತ್ತು ಮಂದಿಯದೂ ಕೂಡಿದರೆ ಕ್ರೀಡೆಯ ಪದಕ ಒಂದು, ಕವಿತೆಯದು ಒಂದು. ಹತ್ತನೆಯವರದು ಏಳು.

2025ರ ಜೂನ್‌ನಲ್ಲಿ ಲೊಸಾನ್‌ನಲ್ಲಿ ಅಧಿಕಾರ ಕೈಗೆ ಬಂತು. ಇನ್ನು ಮುಂದಿನ ಅಂಕಿಗಳು ಬೇರೆಯೇ ಗಾತ್ರದವು. 206 ರಾಷ್ಟ್ರೀಯ ಒಲಿಂಪಿಕ್ ಸಮಿತಿಗಳು. 2021–24ರ ನಾಲ್ಕು ವರ್ಷದ ಆದಾಯ ಸುಮಾರು 770 ಕೋಟಿ ಡಾಲರ್. ಐಒಸಿಯ ಮಾತಿನಂತೆ ಇದರ ಶೇ 90ರಷ್ಟು ಕ್ರೀಡೆಗೇ ಮರಳುತ್ತದೆ, ದಿನಕ್ಕೆ 40 ಲಕ್ಷ ಡಾಲರಿಗೂ ಮೇಲೆ. ಚುನಾವಣೆಗೆ ಒಂದು ವಾರ ಮೊದಲು ಅಮೆರಿಕದ ಎನ್‌ಬಿಸಿಯೊಂದಿಗೆ 2036ರವರೆಗೆ ಪ್ರಸಾರ ಹಕ್ಕು ವಿಸ್ತರಿಸುವ ಒಪ್ಪಂದವಾಯಿತು: 300 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 26,000 ಕೋಟಿ ರೂಪಾಯಿ. 2026ರ ಅಕ್ಟೋಬರ್ ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಯುವ ಒಲಿಂಪಿಕ್ಸ್, ಆಫ್ರಿಕಾದ ನೆಲದ ಮೊದಲ ಒಲಿಂಪಿಕ್ ಕೂಟ. ಅದರ ಸಮನ್ವಯ ಆಯೋಗವನ್ನು ನಡೆಸುತ್ತಿದ್ದವರೂ ಕೊವೆಂಟ್ರಿಯೇ.

ನಮಗೆ ನೇರ ತಟ್ಟುವ ಸಂಗತಿ 2036. ಭಾರತ 2024ರ ಅಕ್ಟೋಬರ್‌ನಲ್ಲಿ ಆತಿಥ್ಯದ ಇಚ್ಛಾಪತ್ರ ಕೊಟ್ಟಿದೆ, ಅಹಮದಾಬಾದ್ ಹೆಸರನ್ನೂ ಮುಂದಿಟ್ಟಿದೆ. ಕೊವೆಂಟ್ರಿ ಕುರ್ಚಿಯಲ್ಲಿ ಕೂತ ವಾರದಲ್ಲೇ ಮಾಡಿದ ಮೊದಲ ಕೆಲಸಗಳಲ್ಲೊಂದು, ಆತಿಥೇಯರನ್ನು ಆರಿಸುವ ಪ್ರಕ್ರಿಯೆಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳಿಸಿದ್ದು. ಆರಿಸುವ ವಿಧಾನವನ್ನೇ ಮೊದಲು ಆರಿಸಬೇಕು, ಸದಸ್ಯರ ಮಾತಿಗೆ ಹೆಚ್ಚು ಬೆಲೆ ಇರಬೇಕು ಎಂಬುದು ಅವರು ಕೊಟ್ಟ ಕಾರಣ.

ಅದಕ್ಕೆ ಅವರ ಬಳಿ ಸಮಯವಿದೆ. ಎಂಟು ವರ್ಷದ ಮೊದಲ ಅವಧಿ 2033ರ ಜೂನ್‌ನಲ್ಲಿ ಮುಗಿಯುವಾಗ ಅವರ ವಯಸ್ಸು, ಬಿದ್ದ ಮತಗಳಷ್ಟೇ, 49. ನಿಯಮದಂತೆ ಇನ್ನೂ ನಾಲ್ಕು ವರ್ಷ ಸಿಕ್ಕರೆ 53. ಬಾಕ್ ಈ ಕುರ್ಚಿಗೆ ಬಂದಾಗ ಅವರಿಗೆ 59, ಜಾಕ್ ರೋಗ್ ಬಂದಾಗಲೂ 59, ಏವರಿ ಬ್ರಂಡೇಜ್ ಬಂದಾಗ 64, ಸಿಗ್‌ಫ್ರಿಡ್ ಎಡ್‌ಸ್ಟ್ರೋಮ್ ಬಂದಾಗ 75. ಹಿಂದಿನ ಒಂಬತ್ತು ಮಂದಿಯಲ್ಲಿ ಏಳು ಮಂದಿ ಶುರುಮಾಡಿದ ವಯಸ್ಸಿಗಿಂತ ಮೊದಲೇ, ಹನ್ನೆರಡು ವರ್ಷ ಪೂರ್ತಿ ಆಳಿ, ಕೊವೆಂಟ್ರಿ ಮನೆಗೆ ಹೊರಟಿರುತ್ತಾರೆ.